ಉಡುತಡಿಯ ಅಕ್ಕನೂ ಸಂತಕಥೆಗಳ ಓದೂ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿ ಭೂಪಟದಲ್ಲಿ ಸಣ್ಣ ಊರು. ಕನ್ನಡಿಗರ ಮನಸ್ಸಿನಲ್ಲಿ ಮಾತ್ರ ಅದರ ವಿಸ್ತಾರ ದೊಡ್ಡದು. ಅಕ್ಕಮಹಾದೇವಿಯ ಜನ್ಮಭೂಮಿಯೆಂದು ಅಲ್ಲಿಗೆ ಹೋಗುವವರು ಸಮೀಪದ ಬಳ್ಳಿಗಾವಿಯನ್ನೂ ತಾಳಗುಂದವನ್ನೂ ನೋಡಿಕೊಂಡು ಬರುತ್ತಾರೆ. ಈಗ ಉಡುತಡಿಯಲ್ಲಿ ಅಕ್ಕನ ಭವ್ಯವಾದ ಪ್ರತಿಮೆಯೊಂದು ನಿಂತಿದೆ. ಪ್ರತಿಮೆಯನ್ನು ನೋಡುವುದಕ್ಕೆ ಕತ್ತೆತ್ತಿದರೆ ಸಾಕು. ಆಕೆಯ ಕಥೆಯನ್ನು ಓದುವುದಕ್ಕೆ ಅಷ್ಟೇ ಸಾಲದು. ಶರಣರ ಕಥೆಯಾಗಲಿ ಸಂತರ ಕಥೆಯಾಗಲಿ, ಅದನ್ನು ಓದಿದವನು ಆಮೇಲೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ.

ನಮ್ಮಲ್ಲಿ ಇಂಥ ಕಥೆಗಳನ್ನು ಓದುವ ಎರಡು ಬಗೆಗಳು ಬಳಕೆಯಲ್ಲಿವೆ. ಪವಾಡವನ್ನು ಕೇಳಿ ಕೈಮುಗಿದು ಏಳುವುದು ಒಂದು. ಕಥೆಯಿಂದ ನೀತಿಯನ್ನು ಹಿಂಡಿಕೊಂಡು ಉಳಿದುದನ್ನು ಸಿಪ್ಪೆಯಂತೆ ಎಸೆಯುವುದು ಇನ್ನೊಂದು. ಮೊದಲನೆಯದರಲ್ಲಿ ಸಂತನು ನಮಗೆ ತೀರ ದೂರದವನಾಗುತ್ತಾನೆ. ಎರಡನೆಯದರಲ್ಲಿ ತೀರ ಅಗ್ಗದವನಾಗುತ್ತಾನೆ. ಇವೆರಡೂ ಅಲ್ಲದ ಮೂರನೆಯ ಬಗೆಯೊಂದುಂಟು. ಶ್ರವಣ, ಮನನ, ನಿದಿಧ್ಯಾಸನವೆಂದು ನಮ್ಮ ಹಿರಿಯರು ಅದರ ಮೆಟ್ಟಿಲುಗಳನ್ನು ಹೆಸರಿಸಿದ್ದಾರೆ. ಕ್ರೈಸ್ತ ಮಠಗಳಲ್ಲಿಯೂ ಇದಕ್ಕೆ ಹತ್ತಿರವಾದ ಕ್ರಮವೊಂದು ಬೆಳೆದು ಬಂದಿತು.

ಆಶ್ಚರ್ಯವೆಂದರೆ ಆ ಕ್ರಮಕ್ಕೆ ಸ್ಪಷ್ಟವಾದ ರೂಪ ಬಂದುದೂ ನಮ್ಮ ವಚನಕಾರರ 12ನೆಯ ಶತಮಾನದಲ್ಲಿಯೇ. ಫ್ರಾನ್ಸಿನ ಗಿರಿಮಠವೊಂದರ ಹಿರಿಯನಾದ ಎರಡನೆಯ ಗೀಗೊ ಎಂಬಾತ ಆಧ್ಯಾತ್ಮಿಕ ಓದಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದನು: ಓದು, ಮನನ, ಪ್ರಾರ್ಥನೆ, ದರ್ಶನ. ಓದುವುದೆಂದರೆ ತುತ್ತನ್ನು ಬಾಯಲ್ಲಿಡುವುದು; ಮನನವೆಂದರೆ ಅಗಿಯುವುದು; ಪ್ರಾರ್ಥನೆಯಲ್ಲಿ ರುಚಿ ಹತ್ತುತ್ತದೆ; ದರ್ಶನವು ಆ ಸವಿಯೇ. ಹಸುವಿನ ಮೆಲುಕನ್ನು ದಿನವೂ ಕಾಣುವ ನಮಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಶತಮಾನದ ಕ್ಲೇರ್ವೋ ಮಠದ ಬರ್ನಾರ್ಡನು ಬೈಬಲಿನ ಪರಮಗೀತವನ್ನು ಕುರಿತು 86 ಪ್ರವಚನಗಳನ್ನು ರಚಿಸಿದನು. 1153ರಲ್ಲಿ ಆತ ತೀರಿಕೊಂಡಾಗ ವ್ಯಾಖ್ಯಾನವು ಆ ಪುಟ್ಟ ಗ್ರಂಥದ ಮೂರನೆಯ ಅಧ್ಯಾಯದ ಬಾಗಿಲಿಗೆ ಬಂದು ನಿಂತಿತ್ತು. ಶಾಸ್ತ್ರಗ್ರಂಥದ ಜೊತೆಗೆ ಪ್ರತಿಯೊಬ್ಬನೂ ತನ್ನ ಅನುಭವವೆಂಬ ಗ್ರಂಥವನ್ನೂ ತೆರೆದು ಓದಬೇಕೆಂಬುದು ಆತನ ಮತ. ಅನುಭಾವವೆಂಬ ಮಾತನ್ನು ಬಲ್ಲ ಕನ್ನಡಿಗನಿಗೆ ಇದು ಪರಭಾಷೆಯ ಮಾತೆನಿಸಲಾರದು.

ಹೀಗೆ ಓದಿದ ಕಥೆಗಳು ಏನು ಮಾಡಬಲ್ಲವು ಎಂಬುದಕ್ಕೆ ಕ್ರೈಸ್ತ ಚರಿತ್ರೆಯಲ್ಲಿ ಒಂದು ಸರಪಣಿಯೇ ಇದೆ. ಈಜಿಪ್ಟಿನ ಅಂತೋನಿ ದೇವಾಲಯದಲ್ಲಿ ಸುವಾರ್ತೆಯ ಮಾತೊಂದನ್ನು ಕೇಳಿ, ಅದು ತನಗೇ ಹೇಳಿದ್ದೆಂದು ತಿಳಿದು, ಆಸ್ತಿಯನ್ನು ಬಿಟ್ಟು ಮರುಭೂಮಿಗೆ ನಡೆದನು. ಅವನ ಚರಿತ್ರೆಯನ್ನು 4ನೆಯ ಶತಮಾನದಲ್ಲಿ ಅಥನೇಸಿಯಸನು ಬರೆದನು. 386ರಲ್ಲಿ ಮಿಲಾನ್ ನಗರದ ತೋಟದಲ್ಲಿ ಅಗಸ್ಟೀನನ ಮನಸ್ಸು ತಿರುಗಿದುದಕ್ಕೆ ಅಂತೋನಿಯ ಕಥೆಯನ್ನು ಕೇಳಿದ್ದೂ ಒಂದು ಕಾರಣ. ಅಗಸ್ಟೀನನ ಆತ್ಮಕಥನವನ್ನು ಓದುತ್ತ ಆ ತೋಟದ ಪ್ರಸಂಗಕ್ಕೆ ಬಂದಾಗ, ಅಲ್ಲಿ ಕೇಳಿದ ದನಿ ತನ್ನನ್ನೇ ಕರೆಯಿತೆಂದು 16ನೆಯ ಶತಮಾನದ ಸ್ಪೇನಿನ ಆವಿಲದ ತೆರೇಸಾ ಬರೆದುಕೊಂಡಿದ್ದಾಳೆ. ತೆರೇಸಾಳ ಆತ್ಮಕಥೆಯನ್ನು 1921ರಲ್ಲಿ ಓದಿದವಳು ಯೆಹೂದಿ ಮನೆತನದ ಜರ್ಮನ್ ತತ್ತ್ವಶಾಸ್ತ್ರಜ್ಞೆ ಎಡಿತ್ ಸ್ಟೈನ್. ಮರುವರ್ಷ ಅವಳು ದೀಕ್ಷಾಸ್ನಾನ ಪಡೆದಳು, ಮುಂದೆ ಸಂನ್ಯಾಸಿನಿಯಾದಳು, 1942ರಲ್ಲಿ ಆಷ್‌ವಿಟ್ಸ್ ಶಿಬಿರದಲ್ಲಿ ನಾಜಿಗಳ ಕೈಯಲ್ಲಿ ಮಡಿದಳು.

ಈ ಸರಪಣಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಂತೋನಿಯ ಕಥೆಯನ್ನು ಕೇಳಿದ ಅಗಸ್ಟೀನನು ಮರುಭೂಮಿಗೆ ಹೋಗಲಿಲ್ಲ. ಆಫ್ರಿಕಕ್ಕೆ ಮರಳಿ ಹಿಪ್ಪೊ ನಗರದ ಬಿಷಪನಾದನು. ಅಗಸ್ಟೀನನನ್ನು ಓದಿದ ತೆರೇಸಾ ಬಿಷಪಳಾಗುವ ಮಾತೇ ಇರಲಿಲ್ಲ. ಅವಳು ಹೊಸ ಮಠಗಳನ್ನು ಕಟ್ಟಿದಳು. ಒಬ್ಬರ ಹೊರಗಿನ ನಡೆಯನ್ನು ಇನ್ನೊಬ್ಬರು ನಕಲು ಮಾಡಲಿಲ್ಲ. ಕಥೆಯು ಅವರ ಕೈಗೆ ಉತ್ತರವನ್ನು ಕೊಡಲಿಲ್ಲ, ಪ್ರಶ್ನೆಯನ್ನು ಕೊಟ್ಟಿತು.

ಈ ಬೆಳಕಿನಲ್ಲಿ ಉಡುತಡಿಯ ಕಥೆಯನ್ನು ನೋಡೋಣ. ಹರಿಹರನ ರಗಳೆಯಲ್ಲಿ ಮಹಾದೇವಿ ಕೌಶಿಕನನ್ನು ಕೆಲವು ಕಟ್ಟಳೆಗಳ ಮೇಲೆ ವರಿಸುತ್ತಾಳೆ. ಅರಸನು ಮಾತು ಮೀರಿದಾಗ ಅರಮನೆಯನ್ನು ತೊರೆಯುತ್ತಾಳೆ. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ ಆ ಮದುವೆಯನ್ನು ಒಪ್ಪುವುದಿಲ್ಲ. ಯಾವುದು ನಡೆದದ್ದು ಎಂದು ಸಂಶೋಧಕರು ವಾದಿಸಲಿ. ಅದು ಬೇಕಾದ ವಾದವೇ. ಆದರೆ ಮನನ ಮಾಡುವವನಿಗೆ ಎರಡು ಕಥೆಗಳೂ ಬೇರೆಬೇರೆ ಪ್ರಶ್ನೆಗಳನ್ನಿಡುತ್ತವೆ. ಕಟ್ಟಿಕೊಂಡ ಬಾಳಿನೊಳಗಿದ್ದು ತನ್ನ ನಿಷ್ಠೆಯನ್ನು ಉಳಿಸಿಕೊಳ್ಳುವುದು ಎಷ್ಟು ದೂರ ಸಾಧ್ಯ ಎಂಬುದು ಹರಿಹರನ ಪ್ರಶ್ನೆ. ಆ ಬಾಳಿಗೆ ಕಾಲಿಡದೆಯೇ ಇರುವ ಧೈರ್ಯ ನಿನಗುಂಟೆ ಎಂಬುದು ಚಾಮರಸನ ಪ್ರಶ್ನೆ.

ಅಕ್ಕನು ಉಡುಗೆಯನ್ನು ತೊರೆದ ಸನ್ನಿವೇಶ ಕ್ರೈಸ್ತ ಓದುಗನಿಗೆ ಅಸಿಸಿಯ ಫ್ರಾನ್ಸಿಸನನ್ನು ನೆನಪಿಗೆ ತರುತ್ತದೆ. 13ನೆಯ ಶತಮಾನದ ಮೊದಲಿಗೆ ಆತ ತನ್ನ ಬಟ್ಟೆಗಳನ್ನೆಲ್ಲ ಕಳಚಿ ತಂದೆಗೆ ಒಪ್ಪಿಸಿದನು. ಊರ ಬಿಷಪನು ತನ್ನ ಮೇಲಂಗಿಯಿಂದ ಅವನನ್ನು ಮುಚ್ಚಿದನು. ಅಕ್ಕನನ್ನು ಮುಚ್ಚಲು ಯಾರೂ ಬರಲಿಲ್ಲ. ಕೂದಲೇ ಹೊದಿಕೆಯಾಗಿ ಕಲ್ಯಾಣಕ್ಕೆ ಬಂದವಳನ್ನು ಅಲ್ಲಮನು, ದೇಹದ ಹಂಗು ಬಿಟ್ಟ ಮೇಲೆ ಈ ಮರೆಯೇಕೆಂದು ಕೇಳಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ನೋಡುವವರ ಮನಸ್ಸಿಗೆ ನೋವಾಗದಿರಲೆಂಬ ಅರ್ಥದ ಉತ್ತರ ಅವಳಿಂದ ಬಂದಿತು. ಸಂತರನ್ನು ಹೊಗಳುವ ನಾವು ಅವರನ್ನು ಎಷ್ಟು ಕಟುವಾಗಿ ಪರೀಕ್ಷಿಸಿದ್ದೇವೆ ಎಂಬ ಅರಿವೂ ಈ ಓದಿನ ಫಲವೇ. ಹೆಣ್ಣಾದವಳಿಗೆ ಆ ಪರೀಕ್ಷೆ ಇಮ್ಮಡಿಯಾಗಿತ್ತೆಂಬುದನ್ನು ಮರೆಯಲಾಗದು.

ಇಲ್ಲಿಯೇ ಒಂದು ಎಚ್ಚರಿಕೆಯೂ ಅಗತ್ಯ. ಹೋಲಿಕೆಗಳು ಸಿಕ್ಕಿದೊಡನೆ ಎಲ್ಲವೂ ಒಂದೇ ಎಂದುಬಿಡುವುದು ಸೌಜನ್ಯದಂತೆ ತೋರಿದರೂ ಓದಿನ ಸೋಮಾರಿತನವೇ ಸರಿ. ಅಕ್ಕನೂ ತೆರೇಸಾಳೂ ದೇವರನ್ನು ನಲ್ಲನೆಂದು ಕರೆದವರು. ಆದರೆ ಅಕ್ಕನ ಚೆನ್ನಮಲ್ಲಿಕಾರ್ಜುನನಿಗೆ ಸಾವಿಲ್ಲ, ಕೇಡಿಲ್ಲ. ಸಾಯುವ ಗಂಡಂದಿರನ್ನು ಅವಳು ಒಲ್ಲೆನೆಂದುದು ಅದಕ್ಕಾಗಿಯೇ. ಕ್ರೈಸ್ತ ಧ್ಯಾನಿಯ ನಲ್ಲನಾದರೋ ಶಿಲುಬೆಯ ಮೇಲೆ ಸತ್ತವನು. ಮತ್ತೆ ಎದ್ದ ಮೇಲೆಯೂ ಗಾಯದ ಗುರುತುಗಳನ್ನು ಉಳಿಸಿಕೊಂಡವನು. ಒಬ್ಬಳು ಸಾವಿಲ್ಲದವನನ್ನು ಒಲಿದಳು. ಇನ್ನೊಬ್ಬಳು ಸಾವನ್ನು ಹೊಕ್ಕು ಬಂದವನನ್ನು ಒಲಿದಳು. ಅಕ್ಕನನ್ನು ಓದುವ ಕ್ರೈಸ್ತನು ಅವಳನ್ನು ತನ್ನ ಮತದೊಳಕ್ಕೆ ಎಳೆದುಕೊಳ್ಳಬೇಕಾಗಿಲ್ಲ. ಅವಳ ಎದುರು ನಿಂತು, ‘ನಾನು ಒಲಿದವನು ಎಂಥವನು?’ ಎಂದು ತನ್ನನ್ನೇ ಕೇಳಿಕೊಂಡರೆ ಸಾಕು. ಗೊಲ್ಗೊಥವನ್ನು ಓದುವ ಶಿವಭಕ್ತನಿಗೂ ಇದೇ ನ್ಯಾಯ.

ಕನ್ನಡದಲ್ಲಿ ಇಂಥ ಓದಿಗೆ ಪೂರ್ವಪರಂಪರೆ ಇಲ್ಲದಿಲ್ಲ. ಕಿಟ್ಟೆಲ್ ಅವರು 1862ರಲ್ಲಿ ‘ಕಥಾಮಾಲೆ’ಯನ್ನು ಹೊರತಂದಾಗ ಕ್ರಿಸ್ತನ ಕಥೆಯನ್ನು ನಮ್ಮ ಕಾವ್ಯದ ಛಂದಸ್ಸಿನಲ್ಲಿ ಹಾಡಿದರು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯದಲ್ಲಿ ಚಿತ್ರಿಸಿದರು. ಅದಕ್ಕಾಗಿ ಅವರು ಕ್ರೈಸ್ತರಾಗಬೇಕಾಗಲಿಲ್ಲ. ಕ್ರೈಸ್ತ ಬೋಧಕರಾದ ಉತ್ತಂಗಿ ಚನ್ನಪ್ಪನವರು ಹಳ್ಳಿಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು, ಶರಣಸಾಹಿತ್ಯದ ಸಂಶೋಧನೆಗೆ ಬಾಳನ್ನು ಸವೆಸಿದರು. ಅದಕ್ಕಾಗಿ ಅವರು ತಮ್ಮ ಕ್ರಿಸ್ತನನ್ನು ಬಿಡಬೇಕಾಗಲಿಲ್ಲ. ನಾಡು ಅವರನ್ನು 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂಡಿಸಿ ಗೌರವಿಸಿತು.

ನಮ್ಮ ತರಗತಿಗಳಲ್ಲಿ ಎಲ್ಲ ಮತದ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಅಕ್ಕನ ವಚನವನ್ನು ಓದುತ್ತಾರೆ. ಕ್ರೈಸ್ತ ಹುಡುಗಿಗೆ ಅದು ಬರಿಯ ಪರೀಕ್ಷೆಯ ಪಾಠವಾಗಿ ಉಳಿದರೆ ನಷ್ಟ ಅವಳಿಗಷ್ಟೇ ಅಲ್ಲ, ವಚನಕ್ಕೂ ಹೌದು. ಅವಳು ತನ್ನ ಪರಮಗೀತವನ್ನು ಜೊತೆಯಲ್ಲಿಟ್ಟು ಓದಿ ಪ್ರಶ್ನೆ ಕೇಳಿದರೆ, ಪಕ್ಕದಲ್ಲಿ ಕುಳಿತ ಲಿಂಗಾಯತ ಹುಡುಗಿಯೂ ಬಾಯಿಪಾಠವಾಗಿದ್ದ ವಚನವನ್ನು ಹೊಸದಾಗಿ ಕೇಳುವಳು. ಅಧ್ಯಾಪಕನ ಕೆಲಸ ಆ ಪ್ರಶ್ನೆಗೆ ಎಡೆಮಾಡಿಕೊಡುವುದು.

ಉಡುತಡಿಯ ನೆರೆಯ ಬಳ್ಳಿಗಾವಿಯಲ್ಲಿ ಕೇದಾರೇಶ್ವರನ ಕೋಡಿಯ ಮಠಕ್ಕೆ ಸಂಬಂಧಿಸಿದ 1162ರ ಶಾಸನವೊಂದಿದೆ. ವ್ಯಾಕರಣವನ್ನೂ ಷಡ್ದರ್ಶನಗಳನ್ನೂ ಪುರಾಣಗಳನ್ನೂ ವ್ಯಾಖ್ಯಾನಿಸುತ್ತಿದ್ದ ಆ ಶೈವ ಮಠ, ದೀನರಿಗೂ ಅಂಧರಿಗೂ ರೋಗಿಗಳಿಗೂ ಮಾತ್ರವಲ್ಲದೆ ಬೇರೆ ಮತಗಳ ಸಂನ್ಯಾಸಿಗಳಿಗೂ ಆಶ್ರಯವಾಗಿತ್ತೆಂದು ಅದು ವರ್ಣಿಸುತ್ತದೆ. ಉಣ್ಣಲು ಬಂದವರನ್ನು ಆ ಮಠ ತನ್ನ ಮತಕ್ಕೆ ಬನ್ನಿರೆನ್ನಲಿಲ್ಲ; ತನ್ನ ವ್ಯಾಖ್ಯಾನವನ್ನೂ ನಿಲ್ಲಿಸಲಿಲ್ಲ. ಸಂತರ ಕಥೆಗಳನ್ನು ಓದುವ ನಮ್ಮ ಮನೆಗಳೂ ಶಾಲೆಗಳೂ ಆ ಮಠದ ರೀತಿಯನ್ನು ಅನುಸರಿಸಿದರೆ ಸಾಕು.