ಚಪ್ಪರದ ಕೆಳಗಿನ ಒಂದನೇ ಕ್ಲಾಸು

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಸರ್ಕಾರಿ ಶಾಲೆ. ಜೂನ್ ತಿಂಗಳು, ಕಬಿನಿ ಕಡೆಯಿಂದ ಸೋನೆ ಹಿಡಿದಿದೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿದ್ದಾರೆ. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಎಳೆದ ದಾರಗಳ ಚಪ್ಪರ. ಅದರ ತುಂಬ ಮಕ್ಕಳೇ ಬರೆದ ಚಿತ್ರಗಳು ತೂಗುತ್ತಿವೆ: ಹಸಿರು ಆನೆ, ಆರು ಕಾಲಿನ ಕೋಳಿ, ಮನೆಗಿಂತ ಎತ್ತರದ ಅಜ್ಜಿ. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಕರಿಹಲಗೆ, ಆರು ವರ್ಷದವರ ಕೈಗೆ ಎಟುಕುವಷ್ಟೇ ಎತ್ತರ. ಅದರಲ್ಲಿ ಒಬ್ಬೊಬ್ಬರಿಗೂ ಸ್ವಂತದ್ದೊಂದು ಜಾಗ. ಟೀಚರ್ ಎಲ್ಲಿದ್ದಾರೆಂದು ಹುಡುಕಬೇಕು. ನೆಲದ ಮೇಲೆ, ಐದಾರು ಮಕ್ಕಳ ನಡುವೆ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ.

"ಮಿಸ್, ಇವತ್ತು ಮೋಡ ಹಾಕ್ಲಾ, ಮಳೆ ಹಾಕ್ಲಾ?" ಹವಾಮಾನ ನಕ್ಷೆಯ ಮುಂದೆ ನಿಂತ ಹುಡುಗನ ಪ್ರಶ್ನೆ.

"ಹೊರಗೆ ಕೈ ಚಾಚಿ ನೋಡ್ಕೊಂಡು ಬಾ ಮಗ."

ಅವನು ಓಡಿದ. ಅವನ ಹಿಂದೆ ಕೈ ಚಾಚಲು ಇನ್ನೂ ನಾಲ್ವರು ಓಡಿದರು. ಯಾರೂ ಗದರಲಿಲ್ಲ. ಒದ್ದೆ ಅಂಗೈ ಒರೆಸಿಕೊಳ್ಳುತ್ತಾ ಬಂದು, ಐವರೂ ಸೇರಿ ಮಳೆ ಎಂದೇ ತೀರ್ಮಾನ ಮಾಡಿದರು.

ಹೊಸದಾಗಿ ಸೇರಿದವರಿಗೆ ಇನ್ನೂ ಅಕ್ಷರವಿಲ್ಲ. ಅವರ ಮುಂದೆ ಹುಣಸೆ ಬೀಜ, ಮಣಿ, ದಾರ, ಜೇಡಿಮಣ್ಣು, ಬೇಲಿಯಿಂದ ಕಿತ್ತು ತಂದ ಎಲೆಗಳು. ಒಬ್ಬಳು ನಾಲಗೆ ಹೊರಚಾಚಿ ಮಣಿ ಪೋಣಿಸುತ್ತಿದ್ದಾಳೆ. ಆ ತೂತಿಗೆ ದಾರ ತೂರಿಸಿ ಪಳಗಿದ ಬೆರಳೇ ನಾಳೆ ಬಳಪ ಹಿಡಿಯುವುದು. ಎಲೆಗಳ ಅಂಚು ನೋಡಿ ಬೇರೆ ಬೇರೆ ಗುಡ್ಡೆ ಹಾಕಿದ ಕಣ್ಣಿಗೇ 'ರ'ದ ಹೊಟ್ಟೆಯಲ್ಲಿ ಚುಕ್ಕಿ ಬಿದ್ದರೆ ಅದು 'ಠ' ಎಂಬುದು ಕಾಣುವುದು. ಇದನ್ನು ಕಾಲಹರಣ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೂರು ವರ್ಷದ ಕೂಸಿನ ಕೈಗೆ ಪೆನ್ಸಿಲ್ ತುರುಕಿ ನಾಲ್ಕು ಗೆರೆ ಕಾಪಿ ಬರೆಸುವುದೇ ನಿಜವಾದ ಕಾಲಹರಣ.

ಅಕ್ಷರಕ್ಕೆ ಬಂದ ಮೇಲೂ ಇಲ್ಲಿ 'ಅ ಆ ಇ ಈ' ಎಂಬ ಸಾಲು ಮೊದಲು ಬರುವುದಿಲ್ಲ. ರ, ಗ, ಸ, ದ, ಅ – ಮೊದಲು ಈ ಐದೇ. ಕೊಂಬಿಲ್ಲ, ದೀರ್ಘವಿಲ್ಲ, ಒತ್ತಿಲ್ಲ. ಈ ಐದನ್ನೇ ಅತ್ತಿತ್ತ ಜೋಡಿಸಿದರೆ ಸರ, ರಸ, ಅರಸ, ಅಗಸ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳಿವೆ, ಮನೆಗೊಂದು ಅಕ್ಷರ. ಒಬ್ಬ ಕುಂಟುತ್ತಾ 'ಗ'ಕ್ಕೆ ಹಾರಿದ, 'ರ'ಕ್ಕೆ ಹೋದ, ಮತ್ತೆ 'ಗ'ಕ್ಕೆ ಬಂದು 'ಸ'ದಲ್ಲಿ ನಿಂತ. ಒಂದು ಕ್ಷಣ ಬಿಟ್ಟು "ಗರಗಸ!" ಎಂದು ಕೂಗಿದ. ಮೂಲೆಯಲ್ಲಿದ್ದ ಮೂರನೇ ಕ್ಲಾಸಿನ ಅಕ್ಕ ತಲೆಯೆತ್ತದೆಯೇ ಅಂದಳು: "ಕಾಲು ಗೆರೆ ಮೇಲಿತ್ತು. ಔಟು."

ಹೀಗೆ ಆಟದಲ್ಲಿ ಕಲಿಸುವ ಪದ್ಧತಿಯ ಹೆಸರು ನಲಿ-ಕಲಿ. ಅದು ಹುಟ್ಟಿದ್ದೇ ಈ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ಇಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ನೋಡಿ ಬಂದರು. ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕಲಿಕೆಯ ಕಾರ್ಡುಗಳನ್ನು ಬರೆದರು. ಪಾಠಪುಸ್ತಕವನ್ನು ಬಿಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಗೋಡೆಗೇರಿಸಿದ್ದೇ ಕಲಿಕಾ ಏಣಿ. ಮೆಟ್ಟಿಲಿಗೊಂದು ಪುಟ್ಟ ಚಿತ್ರ, ಒಂದು ಸಂಖ್ಯೆ. ಮಗು ಏಣಿ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿಕೊಂಡು, ಅದು ಹೇಳುವ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ.

ಈ ಏಣಿಯ ಬೆಲೆ ಗೊತ್ತಾಗಬೇಕಾದರೆ ಆದಿವಾಸಿ ಹಾಡಿಯಿಂದ ಬರುವ ಮಕ್ಕಳನ್ನು ನೋಡಬೇಕು. ಕಾಫಿ ಕೊಯ್ಲಿಗೆ ಅಪ್ಪ ಅವ್ವ ಕೊಡಗಿಗೆ ಹೊರಟರೆ ಮಕ್ಕಳೂ ಹೊರಡುತ್ತಾರೆ. ಮೊದಲಾದರೆ, ತಿರುಗಿ ಬಂದ ಮಗುವಿಗೆ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ನಾಚಿಕೆಯಿಂದ ಶಾಲೆಯೇ ನಿಲ್ಲುತ್ತಿತ್ತು. ಈಗ ಎರಡನೇ ಕ್ಲಾಸಿನ ಒಬ್ಬ ಹುಡುಗಿ ಏಣಿಯ ಮುಂದೆ ನಿಂತು ಬೆರಳಾಡಿಸುತ್ತಿದ್ದಾಳೆ. ಅವಳು ಬಿಟ್ಟುಹೋದ ಮೆಟ್ಟಿಲು ಅಲ್ಲೇ ಇದೆ. ಕಾರ್ಡು ತೆಗೆದುಕೊಂಡು ಕೂತಳು. ಕ್ಲಾಸು ಅವಳಿಗೆ ಕಾದಿತ್ತು.

ಆದರೆ ಮೂರು ಕ್ಲಾಸಿಗೆ ಒಬ್ಬರೇ ಟೀಚರ್. ಅವರನ್ನು ಗಣತಿಗೋ ಸಭೆಗೋ ಎಳೆದೊಯ್ದ ದಿನ ಏಣಿಯ ಮೇಲೆ ಯಾರೂ ಮೇಲೇರುವುದಿಲ್ಲ. ಹರಿದ ಕಾರ್ಡಿಗೆ ಬದಲಿ ಬರದಿದ್ದರೆ ಮಗು ಆ ಮೆಟ್ಟಿಲಲ್ಲೇ ಉಳಿಯುತ್ತದೆ. ಆಟದಲ್ಲಿ ಕಲಿಸುವುದಕ್ಕೆ ಪಾಠ ಹೇಳುವುದಕ್ಕಿಂತ ಹೆಚ್ಚಿನ ತಯಾರಿ ಬೇಕು, ಹೆಚ್ಚಿನ ಜನ ಬೇಕು. ಅದನ್ನು ಕೊಡದೆ ಪದ್ಧತಿಯನ್ನು ದೂರುವುದು ಅನ್ಯಾಯ.

ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬಳ ಅಪ್ಪ ಬಾಗಿಲಲ್ಲಿ ನಿಂತರು. "ಎರಡನೇ ಕ್ಲಾಸಿಗೆ ಬಂದ್ರೂ ಬರೀ ಆಟ ಅಂತಾಳಲ್ಲ ಮೇಡಂ, ಲೆಕ್ಕ ಯಾವಾಗ ಕಲಿಸ್ತೀರಾ?"

ಟೀಚರ್ ಅವರನ್ನು ಒಳಗೆ ಕರೆದು ಕೂರಿಸಿದರು. ಹನ್ನೆರಡು ಹುಣಸೆ ಬೀಜ ಎಣಿಸಿ ಕೈಗೆ ಕೊಟ್ಟರು. "ಒಂದಷ್ಟು ಮುಚ್ಚಿಟ್ಕೊಳ್ಳಿ. ಉಳಿದಿದ್ದು ತೋರ್ಸಿ."

ಐದು ಕಂಡವು. "ಮುಷ್ಟೀಲಿ ಏಳವೆ ಅಪ್ಪ," ಎಂದಳು ಮಗಳು. ಅವರು ಮುಷ್ಟಿ ಬಿಚ್ಚಿ ತಾವೇ ಎಣಿಸಿದರು. ಮತ್ತೊಮ್ಮೆ ಬೇರೆಯಷ್ಟು ಮುಚ್ಚಿಟ್ಟರು. ಅದೂ ಸರಿಯಾಯಿತು.

"ಈ ವಾರ ಸಂತೆಗೆ ಇವಳನ್ನ ಕರ್ಕೊಂಡು ಹೋಗಿ," ಅಂದರು ಟೀಚರ್. "ಚಿಲ್ಲರೆ ಇವಳೇ ಎಣಿಸಿ ಇಸ್ಕೊಳ್ಲಿ."