ಪ್ರಮಾಣಪತ್ರವಿಲ್ಲದ ಪಚ್ಚೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಕಬ್ಬಿನ ಹಣ ಕೈಸೇರಿದೊಡನೆ ಒಡವೆಯ ಮಾತು ಏಳುವುದು. ಮನೆತನದ ಪತ್ತಾರನ ಮಾತೇ ಪ್ರಮಾಣ. ಚಿನ್ನದ ಮಟ್ಟಿಗೆ ಇದು ಸಲ್ಲಬಹುದು. ಒರೆಗಲ್ಲುಂಟು, 2021ರಲ್ಲಿ ಸರಕಾರವು ಕಡ್ಡಾಯಗೊಳಿಸತೊಡಗಿದ ಹಾಲ್‌ಮಾರ್ಕ್ ಮುದ್ರೆಯೂ ಉಂಟು. ಆದರೆ ಆ ಮುದ್ರೆಯು ಹೇಳುವುದು ಚಿನ್ನದ ಶುದ್ಧಿಯನ್ನಷ್ಟೆ. ಉಂಗುರದಲ್ಲಿ ಕೂಡಿಸಿದ ಹರಳಿನ ವಿಷಯದಲ್ಲಿ ಅದು ಮೌನ. ಬುಧಶಾಂತಿಗೆಂದು ಪಚ್ಚೆಯನ್ನು ಕೊಳ್ಳಹೊರಟ ಗೃಹಸ್ಥನು ಎಡವುವುದು ಇಲ್ಲಿಯೇ.

ಪಚ್ಚೆಯು ಬೆರಿಲ್ ಎಂಬ ಖನಿಜದ ಜಾತಿ. ಕ್ರೋಮಿಯಂ ಇಲ್ಲವೆ ವೆನೇಡಿಯಂ ಧಾತುವಿನ ಲೇಶದಿಂದ ಅದಕ್ಕೆ ಹಸಿರು. ಭೂಗರ್ಭದಲ್ಲಿ ಬೆಳೆದ ಹರಳಿನೊಳಗೆ ಬಿರುಕುಗಳೂ ಪಾಚಿಯಂತಹ ಕಲೆಗಳೂ ಇರುವುದು ಸಹಜ. ಆದುದರಿಂದ ದೊಡ್ಡದೂ ಕಳಂಕರಹಿತವೂ ಆಗಿ ಅಗ್ಗಕ್ಕೆ ಬರುವ ಪಚ್ಚೆಯನ್ನೇ ಮೊದಲು ಸಂಶಯಿಸತಕ್ಕದ್ದು. ಭೂತಗನ್ನಡಿಯಲ್ಲಿ ದುಂಡು ಗುಳ್ಳೆಗಳು ಕಂಡರೆ ಅದು ಬಹುಶಃ ಗಾಜು. ಪ್ರಯೋಗಶಾಲೆಯಲ್ಲಿ ಬೆಳೆಸಿದುದಾದರೋ ಗುಣದಲ್ಲಿ ಬೆರಿಲೇ. ಬರಿಗಣ್ಣು ಅದನ್ನು ಹಿಡಿಯಲಾರದು, ಪತ್ತಾರನನ್ನು ದೂರಿ ಫಲವಿಲ್ಲ. ಇನ್ನು ನೈಜ ಹರಳಿನ ಬಿರುಕುಗಳಿಗೂ ಎಣ್ಣೆ ಅಥವಾ ರಾಳವನ್ನು ತುಂಬುವ ವಾಡಿಕೆಯುಂಟು. ತುಂಬಿದುದು ಹೆಚ್ಚಾದಷ್ಟೂ ಬೆಲೆ ಇಳಿಯುವುದು. ಬಿಸಿನೀರಿನಲ್ಲಿ ತೊಳೆದರೆ ಕಾಂತಿ ಕುಂದೀತು.

ಕಟ್ಟಿಸುವ ಮೊದಲೇ ಹರಳನ್ನು ಬಿಡಿಯಾಗಿ ತೂಗಿಸಿರಿ. ಒಂದು ಕ್ಯಾರಟ್ಟೆಂದರೆ 200 ಮಿಲಿಗ್ರಾಂ. ಜೈಪುರ, ಮುಂಬಯಿಗಳಲ್ಲಿ ರತ್ನಪರೀಕ್ಷಾಲಯಗಳಿವೆ. ಪರೀಕ್ಷೆಯಲ್ಲಿ ಸುಳ್ಳಾದರೆ ಹಣವನ್ನು ಹಿಂದಿರುಗಿಸುವೆನೆಂದು ವ್ಯಾಪಾರಿಯಿಂದ ರಸೀದಿಯಲ್ಲಿ ಬರೆಯಿಸಿಕೊಳ್ಳಿರಿ. ಅದಕ್ಕೆ ಆತನು ಒಪ್ಪದಿದ್ದರೆ, ಹಸಿರು ಗಾಜಿಗೆ ಎಷ್ಟು ಕೊಡಲು ಮನಸ್ಸಿದೆಯೋ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿರಿ.