‘ಗ್ಯಾಸ್ಟ್ರಿಕ್ ಇರಬೇಕು, ಬಿಡು’

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಆ ಸುದ್ದಿಯ ಬೆನ್ನಿಗೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಜನ ಸಾಲುಗಟ್ಟಿದರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರು ಎರಡೂ ಕಡೆಯ ಜಯದೇವದಲ್ಲಿ ಮತ್ತೆ ಅದೇ ನೂಕುನುಗ್ಗಲು. ಎದೆನೋವೇ ಇಲ್ಲದವರೂ ಇಸಿಜಿ ಮಾಡಿಸಿಕೊಳ್ಳಲು ಬಂದಿದ್ದರು. ಹಾಸನದಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದು ತಜ್ಞರ ಸಮಿತಿ ಹೇಳಿತು. ಭಯ ಇಳಿಯಿತು, ಸಾಲೂ ಕರಗಿತು.

ಭಯ ಹುಟ್ಟಿದಾಗ ಆಸ್ಪತ್ರೆಗೆ ಓಡುವ ಗಂಡಸೇ ನಿಜವಾಗಿ ಓಡಬೇಕಾದ ಗಳಿಗೆಯಲ್ಲಿ ಮನೆಯಲ್ಲಿ ಕೂರುತ್ತಾನೆ. ಎದೆ ಹಿಂಡಿದಂತಾಗುತ್ತದೆ, ಮೈಯೆಲ್ಲ ಬೆವರುತ್ತದೆ, ನೋವು ಎಡಗೈಗೋ ದವಡೆಗೋ ಹಬ್ಬುತ್ತದೆ. ಅವನು ಸಂಜೆ ತಿಂದ ಬೋಂಡದ ಮೇಲೆ ತಪ್ಪು ಹೊರಿಸಿ ಸೋಡಾ ತರಿಸುತ್ತಾನೆ. ‘ಗ್ಯಾಸ್ಟ್ರಿಕ್ ಇರಬೇಕು, ಬಿಡು. ಬೆಳಿಗ್ಗೆ ನೋಡೋಣ’ ಎನ್ನುತ್ತಾನೆ. ಕನ್ನಡ ನಾಡಿನಲ್ಲಿ ಈ ಮಾತು ಕೇಳದ ಮನೆ ಇರಲಾರದು. ಹೃದಯದ ರಕ್ತನಾಳ ಕಟ್ಟಿಕೊಂಡ ಮೇಲೆ ಸ್ನಾಯು ಬೆಳಗಿನ ತನಕ ಕಾಯುವುದಿಲ್ಲ, ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ವೈದ್ಯರು ಮೊದಲ ಒಂದು ಗಂಟೆಯನ್ನು ‘ಗೋಲ್ಡನ್ ಅವರ್’ ಎಂದು ಕರೆಯುವುದು ಇದಕ್ಕೇ.

ಆ ಗಂಟೆಯನ್ನು ಉಳಿಸಲೆಂದೇ ರಾಜ್ಯ ಸರ್ಕಾರ ಪುನೀತ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿರುವ ತಜ್ಞರು ಕೆಲವೇ ನಿಮಿಷಗಳಲ್ಲಿ ಓದಿ ಹೇಳುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಡುತ್ತಾರೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಈ ಔಷಧಿ ಅಲ್ಲಿ ಉಚಿತ. ಅದು ಕೆಲಸ ಮಾಡಬೇಕಾದರೆ ಗಂಡಸು ಸೋಡಾ ಬಾಟಲಿ ಕೆಳಗಿಟ್ಟು ಎದ್ದು ಬರಬೇಕು, ಅಷ್ಟೆ.

ಅಂಕಿ ಅಂಶಗಳೂ ಗಂಡಸಿನ ಪರವಾಗಿಲ್ಲ. 2016–20ರ ಅವಧಿಯ ಲೆಕ್ಕದಂತೆ ಭಾರತದಲ್ಲಿ ಹೆಣ್ಣಿನ ಸರಾಸರಿ ಆಯಸ್ಸು 71.4 ವರ್ಷ, ಗಂಡಿನದು 68.6. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ 38ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ಹೆಂಗಸರಲ್ಲಿ ಶೇ 9. ಸುಮಾರು ನಾಲ್ವರು ಗಂಡಸರಲ್ಲಿ ಒಬ್ಬರ ರಕ್ತದೊತ್ತಡ ಹೆಚ್ಚಿತ್ತು. ಬಿಪಿಗೆ ನೋವಿಲ್ಲ, ಜ್ವರವಿಲ್ಲ. ನೋಡಿಸಿಕೊಳ್ಳದೆ ಅದು ಇದೆಯೆಂದು ತಿಳಿಯುವ ದಾರಿ ಬಹುತೇಕರಿಗೆ ಇಲ್ಲ.

ಹೆಂಗಸು ಬಸಿರು, ಬಾಣಂತನ, ಮಗುವಿನ ಲಸಿಕೆ ಎಂದು ಚಿಕ್ಕ ವಯಸ್ಸಿನಿಂದಲೇ ಆಸ್ಪತ್ರೆಯ ನಂಟು ಬೆಳೆಸಿಕೊಂಡಿರುತ್ತಾಳೆ. ಗಂಡಸಿಗೆ ಅಂಥ ನೆಪವಿಲ್ಲ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದ ಹೊತ್ತಿಗೆ ಅವನು ಹೊಲದಲ್ಲೋ ಆಟೊದಲ್ಲೋ ಕಾರ್ಖಾನೆಯಲ್ಲೋ ಇರುತ್ತಾನೆ. ಹಾಗಾದರೆ ಅವನು ತಪ್ಪದೆ ಹೋಗುವ ಜಾಗ ಯಾವುದು?

ಕ್ಷೌರದಂಗಡಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹೃದ್ರೋಗ ತಜ್ಞ ರೊನಾಲ್ಡ್ ವಿಕ್ಟರ್ ಹಿಡಿದದ್ದು ಇದೇ ದಾರಿಯನ್ನು. ಅಲ್ಲಿನ ಕಪ್ಪು ಜನಾಂಗದ ಗಂಡಸರಲ್ಲಿ ರಕ್ತದೊತ್ತಡ ಹೆಚ್ಚು, ಆಸ್ಪತ್ರೆಗಳ ಮೇಲೆ ನಂಬಿಕೆ ಕಡಿಮೆ. ಆದರೆ ಹಲವರು ಹತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬನೇ ಕ್ಷೌರಿಕನಿಗೆ ತಲೆ ಒಪ್ಪಿಸಿದವರು. ವಿಕ್ಟರ್ ತಂಡ 52 ಅಂಗಡಿಗಳಲ್ಲಿ 319 ಮಂದಿಯನ್ನು ಆರಿಸಿಕೊಂಡಿತು. ಅರ್ಧದಷ್ಟು ಅಂಗಡಿಗಳಿಗೆ ಔಷಧ ತಜ್ಞರೇ ಬಂದು ಬಿಪಿ ನೋಡಿ, ವೈದ್ಯರ ಒಪ್ಪಿಗೆಯೊಂದಿಗೆ ಅಲ್ಲೇ ಮಾತ್ರೆ ಕೊಟ್ಟರು. ಉಳಿದೆಡೆ ಕ್ಷೌರಿಕರು ವೈದ್ಯರ ಬಳಿ ಹೋಗಲು ಬುದ್ಧಿ ಹೇಳಿದರು. ಆರು ತಿಂಗಳ ನಂತರ ಬಿಪಿಯ ಮೇಲಿನ ಅಂಕಿ ಮೊದಲ ಗುಂಪಿನಲ್ಲಿ ಸರಾಸರಿ 27ರಷ್ಟು ಇಳಿದಿತ್ತು, ಎರಡನೆಯದರಲ್ಲಿ 9ರಷ್ಟು. 2018ರಲ್ಲಿ ಪ್ರಕಟವಾದ ಈ ಪ್ರಯೋಗ ಕರ್ನಾಟಕದ ಆರೋಗ್ಯ ಇಲಾಖೆಯ ಕಣ್ಣಿಗೂ ಬೀಳಬೇಕು. ಕಟಿಂಗ್ ಶಾಪ್ ಇಲ್ಲದ ಊರು ನಮ್ಮಲ್ಲಿ ಎಷ್ಟಿವೆ?

ಮೈಯ ಮಾತು ಇಷ್ಟಾದರೆ ಮನಸ್ಸಿನದು ಇನ್ನೂ ಗುಟ್ಟು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 1.7 ಲಕ್ಷ ಮಂದಿಯಲ್ಲಿ 1.22 ಲಕ್ಷಕ್ಕೂ ಹೆಚ್ಚು ಗಂಡಸರು. ದಿನಗೂಲಿಯವರದೇ ಅತಿ ದೊಡ್ಡ ಪಾಲು. ‘ಏನು ಹೆಂಗಸರ ಥರ ಅಳ್ತೀಯ’ ಎಂದು ಬೈಸಿಕೊಂಡು ಬೆಳೆದ ಹುಡುಗ ನಲವತ್ತಕ್ಕೆ ಬಂದಾಗ ದುಃಖವನ್ನು ದುಃಖವೆಂದು ಹೇಳಲಾರ. ಅದು ಸಿಡುಕಾಗಿ, ಕುಡಿತವಾಗಿ, ನಿದ್ದೆಯಿಲ್ಲದ ರಾತ್ರಿಯಾಗಿ, ಕಾರಣ ಸಿಗದ ಬೆನ್ನುನೋವಾಗಿ ಹೊರಬರುತ್ತದೆ. ‘ಏನಿಲ್ಲ, ಸ್ವಲ್ಪ ಟೆನ್ಷನ್’ ಎಂಬ ಉತ್ತರ ಬಂದಾಗ ಮನೆಯವರು ಅಲ್ಲಿಗೇ ಬಿಡಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಕೇಳಿದ್ದರಿಂದ ಮನಸ್ಸು ಹಗುರಾಗಲೂಬಹುದು.

ಎದುರುಬದುರು ಕೂತು ಮನಸ್ಸು ಬಿಚ್ಚುವುದು ಗಂಡಸರಿಗೆ ಕಷ್ಟ ಎಂಬುದನ್ನು ಆಸ್ಟ್ರೇಲಿಯಾದವರು ಬೇಗ ಕಂಡುಕೊಂಡರು. 1990ರ ದಶಕದಲ್ಲಿ ಅಲ್ಲಿ ‘ಮೆನ್ಸ್ ಶೆಡ್’ಗಳು ಶುರುವಾದವು. ನಿವೃತ್ತರು, ಕೆಲಸ ಕಳೆದುಕೊಂಡವರು, ಹೆಂಡತಿ ತೀರಿಕೊಂಡವರು ಒಂದೆಡೆ ಸೇರಿ ಕುರ್ಚಿ ರಿಪೇರಿ ಮಾಡುತ್ತಾರೆ, ಮರಕ್ಕೆ ಹತ್ತರಿ ಹಿಡಿಯುತ್ತಾರೆ. ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಈಗ ಆ ದೇಶದಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ನಮ್ಮ ಅರಳಿಕಟ್ಟೆ, ಟೀ ಅಂಗಡಿಯ ಬೆಂಚುಗಳಿಗೂ ಈ ಗುಣವಿದೆ. ಅಲ್ಲಿ ಮಳೆ, ಬೆಲೆ, ರಾಜಕೀಯದ ನಡುವೆ ‘ನಾಲ್ಕು ದಿನದಿಂದ ನಿದ್ದೆ ಇಲ್ಲ ಕಣೋ’ ಎನ್ನುವ ಮಾತಿಗೂ ಜಾಗ ಬೇಕು, ಕೇಳಿದವನು ನಗದೆ ಕಿವಿಗೊಡಬೇಕು.

ಗೆಳೆಯರೆದುರು ನಾಚಿಕೆಯೆನಿಸಿದರೆ 14416 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನ ಮಾಡುವ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ.

ಇನ್ನು ಮೈಯ ವಿಷಯ. ಮೂವತ್ತು ದಾಟಿದವರು ಮುಂದಿನ ಸಲ ಕಟಿಂಗ್‌ಗೆ ಹೊರಟಾಗ ದಾರಿಯಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಿ ಬಿಪಿ, ಶುಗರ್ ನೋಡಿಸಿಕೊಂಡು ಬನ್ನಿ. ಒಬ್ಬರೇ ಹೋಗಲು ಬೇಸರವಾದರೆ ಗೆಳೆಯನನ್ನೂ ಗಾಡಿಗೆ ಹತ್ತಿಸಿಕೊಳ್ಳಿ.